ಪೆಟ್ಟಿಗೆಯ ಮೇಲೆ ‘ಬ್ಯಾಟರಿ’ ಎಂದೇ ಬರೆಸಿ

ಹೈಬ್ರಿಡ್ ಕಾರು ಇಟ್ಟುಕೊಂಡಿರುವವರಲ್ಲಿ, ಹಳೆಯ ಹೈಬ್ರಿಡ್ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳಲು ಹೊರಟವರಲ್ಲಿ, ಅಂಥ ಕಾರುಗಳನ್ನು ರಿಪೇರಿಗೆ ಒಪ್ಪಿಕೊಳ್ಳುವ ಗ್ಯಾರೇಜಿನವರಲ್ಲಿ ನನ್ನದೊಂದು ಕೋರಿಕೆ. ಕಾರಿನ ದೊಡ್ಡ ಬ್ಯಾಟರಿ ಬದಲಿಸುವ ದಿನ ಬಂದಾಗ ಅದನ್ನು ಬಿಲ್ಲಿಲ್ಲದೆ ಕೊಳ್ಳಬೇಡಿ. ‘ಸ್ಪೇರ್ ಪಾರ್ಟ್ಸ್’ ಎಂದು ಬರೆಸಿ ಬಸ್ಸಿಗೋ ಲಾರಿಗೋ ಹಾಕಿಸಬೇಡಿ. ಹಳೆಯದನ್ನು ಗುಜರಿಯವನ ತಕ್ಕಡಿಗೆ ಹಾಕಬೇಡಿ. ಆ ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗಲೆಲ್ಲ, ತೆಗೆದುಕೊಳ್ಳುವವರಿಗೆ ಅದೇನೆಂದು ಗೊತ್ತಿರಲಿ. ನಾನು ಕೇಳುತ್ತಿರುವುದು ಇಷ್ಟೇ.

ಇದನ್ನು ಈಗಲೇ ಹೇಳಲು ಕಾರಣವಿದೆ. ಟೊಯೋಟಾ ಪ್ರಿಯಸ್ ನಮ್ಮ ದೇಶಕ್ಕೆ ಆಮದಾಗಿ ಬಂದದ್ದು 2010ರಲ್ಲಿ. 2013ರಲ್ಲಿ ಬೆಂಗಳೂರಿನ ಪಕ್ಕದ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. ಆ ಕಾಲದ ಕಾರುಗಳು ಇಂದು ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ಅವುಗಳ ಬ್ಯಾಟರಿಗೆ ಕಂಪನಿಯ ವಾರಂಟಿ ಮುಗಿದು ಹೋಗಿದೆ. ಇನ್ನು 2022ರಿಂದ ಈಚೆಗೆ ಅದೇ ಬಿಡದಿಯಿಂದ ಹೈರೈಡರ್, ಗ್ರ್ಯಾಂಡ್ ವಿಟಾರಾ, ಇನ್ನೋವಾ ಹೈಕ್ರಾಸ್ ಸಾಲುಸಾಲಾಗಿ ಹೊರಬರುತ್ತಿವೆ. ಇವುಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ದಿನವೂ ದೂರ ಓಡುವ ಗಾಡಿಗಳಲ್ಲಿ ಕಿಲೋಮೀಟರಿನ ಲೆಕ್ಕ ವರ್ಷಗಳಿಗಿಂತ ಬಹಳ ಮೊದಲೇ ಮುಗಿಯುತ್ತದೆ. ವಾರಂಟಿ ಇರುವವರೆಗೆ ಹಳೆಯ ಬ್ಯಾಟರಿ ಎಲ್ಲಿಗೆ ಹೋಗುತ್ತದೆ, ಹೊಸದು ಹೇಗೆ ಬರುತ್ತದೆ ಎಂಬುದನ್ನು ಕಂಪನಿ ನೋಡಿಕೊಳ್ಳುತ್ತದೆ. ಅದು ಮುಗಿದ ಮರುದಿನದಿಂದ ನೋಡಿಕೊಳ್ಳಬೇಕಾದವರು ನಾವು. ಇಂದು ಅಲ್ಲೊಂದು ಇಲ್ಲೊಂದು ಕಾರಿನ ವಿಚಾರವಾಗಿರುವುದು ಇನ್ನು ಕೆಲವೇ ವರ್ಷಗಳಲ್ಲಿ ಊರೂರಿನ ಗ್ಯಾರೇಜಿನ ಮಾತಾಗುತ್ತದೆ. ರೂಢಿ ಬೆಳೆಯುವುದು ಈ ಮೊದಲ ವರ್ಷಗಳಲ್ಲೇ. ಕೆಟ್ಟ ರೂಢಿ ಒಮ್ಮೆ ಬೇರು ಬಿಟ್ಟರೆ ಕೀಳುವುದು ಎಷ್ಟು ಕಷ್ಟ ಎಂಬುದನ್ನು ನಾವು ಪ್ಲಾಸ್ಟಿಕ್ ಕಸದ ವಿಚಾರದಲ್ಲಿ ಕಂಡಿದ್ದೇವೆ.

ಮೊದಲಿಗೆ, ನಿಜವಾಗಿ ಬ್ಯಾಟರಿಯೇ ಹೋಗಿದೆಯೇ ಎಂದು ನೋಡಿ. ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿ ಇರುತ್ತವೆ. ಎಲ್ಲ ಕಾರಿನಲ್ಲಿರುವಂಥ 12 ವೋಲ್ಟಿನ ಸಣ್ಣದು ಒಂದು, ಮೋಟಾರಿಗೆ ಶಕ್ತಿ ಕೊಡುವ ದೊಡ್ಡದು ಇನ್ನೊಂದು. ಕಾರಿನೊಳಗಿನ ಕಂಪ್ಯೂಟರುಗಳನ್ನು ಎಬ್ಬಿಸುವುದು ಆ ಸಣ್ಣದೇ. ಅದು ಸೊರಗಿದರೆ ಡ್ಯಾಶ್‌ಬೋರ್ಡಿನಲ್ಲಿ ನಾನಾ ದೀಪಗಳು ಹೊತ್ತಿಕೊಂಡು, ದೊಡ್ಡ ಬ್ಯಾಟರಿಯೇ ಸತ್ತಿತೇನೋ ಎನ್ನುವ ಹಾಗೆ ಹೆದರಿಸುತ್ತವೆ. ಕೆಲವು ಸಾವಿರ ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಲಕ್ಷದ ಮಾತು ಆಡುವ ಮುನ್ನ 12 ವೋಲ್ಟಿನ ಬ್ಯಾಟರಿಯನ್ನು ಲೋಡ್ ಹಾಕಿ ಪರೀಕ್ಷೆ ಮಾಡಿಸಿ.

ಆಮೇಲೆ ಫ್ಯಾನು. ಈ ಕಾರುಗಳ ದೊಡ್ಡ ಬ್ಯಾಟರಿಯನ್ನು ತಂಪಾಗಿಡುವುದು ನಾವು ಕುಳಿತ ಜಾಗದ ಗಾಳಿಯೇ. ಸೀಟಿನ ಪಕ್ಕದಲ್ಲೋ ಅಡಿಯಲ್ಲೋ ಇರುವ ಜಾಲರಿಯ ಮೂಲಕ ಫ್ಯಾನು ಆ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಮ್ಮ ರಸ್ತೆಗಳ ಧೂಳು, ಸಾಕುನಾಯಿಯ ಕೂದಲು, ಮೇಲೆ ಹೊದಿಸಿದ ಸೀಟು ಕವರು, ಒತ್ತಿಟ್ಟ ಬ್ಯಾಗು, ಇವೆಲ್ಲ ಸೇರಿ ಜಾಲರಿ ಕಟ್ಟಿಕೊಂಡರೆ ಬ್ಯಾಟರಿ ಕಾಯುತ್ತದೆ. ಹಾಗೆ ಕಾದು ಕಾದೇ ಅದು ಅಕಾಲದಲ್ಲಿ ಸಾಯುವುದು. ಪ್ರತಿ ಸರ್ವಿಸಿನಲ್ಲೂ ಆ ಜಾಲರಿ ತೆಗೆಸಿ ಸ್ವಚ್ಛ ಮಾಡಿಸಿದರೆ ಈ ಬರಹದ ಉಳಿದ ಭಾಗ ನಿಮಗೆ ಎಷ್ಟೋ ವರ್ಷ ಬೇಕಾಗದೆ ಇರಬಹುದು. ಹಾಗಾದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಎರಡೂ ಸರಿಯಿದ್ದು, ಸ್ಕ್ಯಾನರು ಪಿ0ಎ80 ಎಂಬ ಕೋಡ್ ತೋರಿಸಿತು ಅನ್ನಿ. ಬ್ಯಾಟರಿ ಬದಲಿಸಬೇಕು ಎಂದು ಕಾರೇ ಹೇಳುವ ಕೋಡ್ ಅದು. ಆಗಲೂ ಒಂದೊಂದು ಭಾಗದ ವೋಲ್ಟೇಜ್ ಎಷ್ಟಿದೆ ಎಂದು ಸ್ಕ್ಯಾನರಿನಲ್ಲಿ ತೋರಿಸಿ ಎಂದು ಕೇಳಿ, ಫೋಟೊ ತೆಗೆದಿಟ್ಟುಕೊಳ್ಳಿ. ಎರಡನೆಯ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯಲ್ಲಿ 28 ಮಾಡ್ಯೂಲುಗಳಿವೆ. ಒಂದೊಂದರಲ್ಲಿ 6 ಸೆಲ್. ಒಟ್ಟು 168 ಸೆಲ್ ಸೇರಿ 201.6 ವೋಲ್ಟ್. ಕಾರಿನ ಕಂಪ್ಯೂಟರು ಇವನ್ನು ಎರಡೆರಡಾಗಿ ಸೇರಿಸಿ 14 ಭಾಗಗಳಾಗಿ ಓದುತ್ತದೆ. ಎಷ್ಟೋ ಸಲ 28ರಲ್ಲಿ ಒಂದೋ ಎರಡೋ ಮಾತ್ರ ಕೈಕೊಟ್ಟಿರುತ್ತವೆ. ಈ ಅಂಕಿ ನಿಮ್ಮ ಕೈಯಲ್ಲಿದ್ದರೆ ಮುಂದಿನ ವ್ಯಾಪಾರದಲ್ಲಿ ನಿಮ್ಮನ್ನು ಸುಲಭವಾಗಿ ಮೋಸಗೊಳಿಸಲಾಗದು.

ಬ್ಯಾಟರಿಯ ಜಾತಿಯೂ ತಿಳಿದಿರಬೇಕು. ಸಾಗಣೆಯ ವಿಚಾರವೆಲ್ಲ ಅದರ ಮೇಲೆಯೇ ನಿಂತಿದೆ. ಹಳೆಯ ಪ್ರಿಯಸ್, 2013ರ ಕ್ಯಾಮ್ರಿ, ಈಗಿನ ಹೈಕ್ರಾಸ್, ಇವುಗಳಲ್ಲಿ ಇರುವುದು ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿಯ ಹೈಬ್ರಿಡ್, ಇವುಗಳಲ್ಲಿ ಲಿಥಿಯಂ ಅಯಾನ್. ನಿಕೆಲ್ ಬ್ಯಾಟರಿ ತಾನಾಗಿ ಹೊತ್ತಿ ಉರಿಯುವ ಸ್ವಭಾವದ್ದಲ್ಲ. ಆದರೆ ಒಳಗೆ ಚರ್ಮ, ಕಣ್ಣು ಸುಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಕ್ಷಾರ ದ್ರಾವಣವಿದೆ. ಎರಡು ತುದಿಗಳು ಯಾವುದೋ ಕಬ್ಬಿಣದ ತುಂಡಿನಿಂದ ಒಂದಾದರೆ ಕಿಡಿ, ಕಾವು, ಬೆಂಕಿ. ಲಿಥಿಯಂನದು ಬೇರೆ ಪ್ರಕೃತಿ. ಜಜ್ಜಿದರೆ, ನೀರು ಹೊಕ್ಕರೆ, ಒಳಗೇ ಶಾರ್ಟ್ ಆದರೆ ಒಂದು ಸೆಲ್ಲಿನ ಕಾವು ಪಕ್ಕದ ಸೆಲ್ಲಿಗೆ ಹಬ್ಬುತ್ತ ಹೋಗುತ್ತದೆ. ಮೇಲೆ ನೀರು ಸುರಿದು ಆರಿಸಿದರೂ ಗಂಟೆಗಳ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು. ಹೊಗೆಯೂ ವಿಷ.

ಎರಡಕ್ಕೂ ಸಾಮಾನ್ಯವಾದ ಒಂದು ಸಂಗತಿಯಿದೆ. 60 ವೋಲ್ಟಿಗಿಂತ ಮೇಲಿನ ಡಿಸಿ ವಿದ್ಯುತ್ತನ್ನು ವಾಹನಗಳಲ್ಲಿ ಅಪಾಯದ ಮಟ್ಟ ಎಂದು ಲೆಕ್ಕ ಹಾಕುತ್ತಾರೆ. ಇವುಗಳದು ಅದರ ಸುಮಾರು ಮೂರು ಪಟ್ಟು. ಕಾರಿನಿಂದ ಇಳಿಸಿದ ಮೇಲೂ ಆ ವಿದ್ಯುತ್ತು ಒಳಗೇ ಇರುತ್ತದೆ. ಬ್ಯಾಟರಿಯಲ್ಲಿರುವ ಸರ್ವಿಸ್ ಪ್ಲಗ್ ಕಿತ್ತರೆ ಸೆಲ್ಲುಗಳ ಸರಪಣಿ ನಡುವೆ ತುಂಡಾಗುತ್ತದೆ ನಿಜ, ಆದರೆ ತುಂಡಾದ ಎರಡು ಭಾಗಗಳಲ್ಲಿ ಒಂದೊಂದರಲ್ಲೂ ಕೊಲ್ಲಬಲ್ಲಷ್ಟು ವೋಲ್ಟೇಜ್ ಉಳಿದಿರುತ್ತದೆ. ಈ ಬ್ಯಾಟರಿಯನ್ನು ಪೂರ್ತಿ ‘ಆಫ್’ ಮಾಡುವ ಸ್ವಿಚ್ಚು ಇಲ್ಲ. ಹಾಗಾಗಿಯೇ ಇದನ್ನು ಮುಟ್ಟುವ ಪ್ರತಿಯೊಬ್ಬರಿಗೂ ಇದು ಏನೆಂದು ತಿಳಿದಿರಬೇಕು ಎನ್ನುತ್ತಿದ್ದೇನೆ.

ಕೊಳ್ಳುವ ಮಾತಿಗೆ ಬರೋಣ. ಮಾರುಕಟ್ಟೆಯಲ್ಲಿ ಮೂರು ಬಗೆಯವು ಸಿಗುತ್ತವೆ. ಕಂಪನಿಯ ಹೊಸ ಬ್ಯಾಟರಿ, ಹಳೆಯ ಮಾಡ್ಯೂಲುಗಳನ್ನು ಆರಿಸಿ ಜೋಡಿಸಿದ ರೀಕಂಡಿಶನ್ ಬ್ಯಾಟರಿ, ಇನ್ನು ಅಪಘಾತದ ಕಾರಿನಿಂದ ಕಿತ್ತದ್ದು. ಎಲ್ಲರೂ ಹೊಸದನ್ನೇ ಕೊಳ್ಳಬೇಕು ಎಂದು ನಾನು ಹೇಳುವುದಿಲ್ಲ. ಹತ್ತು ಹನ್ನೆರಡು ವರ್ಷದ ಕಾರಿಗೆ ಅದರ ಬೆಲೆಯ ದೊಡ್ಡ ಪಾಲನ್ನೇ ಬ್ಯಾಟರಿಗೆ ಸುರಿಯಿರಿ ಎನ್ನುವುದು ಮಧ್ಯಮ ವರ್ಗದವರ ಜೇಬು ಬಲ್ಲವರ ಮಾತಾಗುವುದಿಲ್ಲ. ರೀಕಂಡಿಶನ್ ಮಾಡುವವರಲ್ಲಿ ಪ್ರತಿಯೊಂದು ಮಾಡ್ಯೂಲನ್ನೂ ಚಾರ್ಜ್ ಮಾಡಿ, ಖಾಲಿ ಮಾಡಿ, ಸಾಮರ್ಥ್ಯ ಅಳೆದು, ಸರಿಸಮ ಇರುವವನ್ನೇ ಜೊತೆಗೂಡಿಸುವ ಕಸುಬುದಾರರು ಇದ್ದಾರೆ. ಸತ್ತ ಒಂದನ್ನು ಕಿತ್ತು, ಎಲ್ಲಿಯದೋ ಒಂದನ್ನು ತುರುಕಿ, ಕೋಡ್ ಅಳಿಸಿ ಕಳಿಸುವವರೂ ಇದ್ದಾರೆ. ಎರಡನೆಯವರ ತೇಪೆ ಕೆಲವೇ ತಿಂಗಳಲ್ಲಿ ಬಿಚ್ಚಿಕೊಳ್ಳುತ್ತದೆ. ಬಲಹೀನ ಮಾಡ್ಯೂಲಿನ ಜೊತೆ ಬಲವಾದದ್ದನ್ನು ಕಟ್ಟಿದರೆ ದುಡಿಮೆಯ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ, ಇನ್ನೊಂದು ಕೈಕೊಡುತ್ತದೆ, ಅದರ ಬೆನ್ನಿಗೆ ಮತ್ತೊಂದು. ಇಬ್ಬರಲ್ಲಿ ಯಾರ ಮುಂದೆ ನಿಂತಿದ್ದೀರಿ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಪ್ರತಿ ಮಾಡ್ಯೂಲಿನ ಪರೀಕ್ಷೆಯ ಅಂಕಿ ಕೊಡುತ್ತೀರಾ? ವಾರಂಟಿಯನ್ನು ಜಿಎಸ್‌ಟಿ ಬಿಲ್ಲಿನ ಮೇಲೆ ಬರೆದು ಕೊಡುತ್ತೀರಾ? ಮೊದಲನೆಯವರು ಕಾಗದ ತೆಗೆಯುತ್ತಾರೆ. ಎರಡನೆಯವರು ‘ನಂಬಿಕೆ ಇಲ್ವಾ ಸಾರ್’ ಎನ್ನುತ್ತಾರೆ.

ಅಪಘಾತದ ಕಾರಿನಿಂದ, ನೀರಲ್ಲಿ ಮುಳುಗಿದ ಕಾರಿನಿಂದ ಕಿತ್ತ ಲಿಥಿಯಂ ಬ್ಯಾಟರಿಯನ್ನು ಮಾತ್ರ ಯಾವ ಬೆಲೆಗೂ ಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಮನೆಗಳ ನೆಲಮಾಳಿಗೆಯಲ್ಲಿ ಕಾರುಗಳು ತೇಲಿದ್ದನ್ನು ನಾವೆಲ್ಲ ನೋಡಿದ್ದೇವೆ. ಅಂಥ ಕಾರು ತೊಳೆದು ಹೊಳಪು ಮಾಡಿಸಿಕೊಂಡು ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲಬಹುದು. ಅದರ ಬ್ಯಾಟರಿಯ ಒಳಗೆ ತಾಮ್ರದ ಪಟ್ಟಿಗಳು ಕಿಲುಬು ಹಿಡಿಯುತ್ತಿರುವುದು ಹೊರಗೆ ಕಾಣುವುದಿಲ್ಲ.

ಹೊಸದೇ ಕೊಂಡರೂ ತಯಾರಾದ ದಿನಾಂಕ, ಸೀರಿಯಲ್ ನಂಬರು ಬಿಲ್ಲಿನಲ್ಲಿ ಇರಲಿ. ಬಳಸದೆ ಗೋದಾಮಿನ ಕಾವಿನಲ್ಲಿ ವರ್ಷಗಟ್ಟಲೆ ಇಟ್ಟ ಬ್ಯಾಟರಿ ಹೊಸ ಪೆಟ್ಟಿಗೆಯಲ್ಲಿದ್ದರೂ ಹಳೆಯದೇ. ಬೆಲೆ 50,000 ರೂಪಾಯಿ ದಾಟಿದ ಸರಕು ರಸ್ತೆಗಿಳಿಯಲು ಇ-ವೇ ಬಿಲ್ ಬೇಕು ಎಂಬುದೂ ನೆನಪಿರಲಿ. ಬಿಲ್ಲಿಲ್ಲದೆ ಕೊಂಡವರು ಇಲ್ಲಿಂದಲೇ ಬಚ್ಚಿಡಲು ಶುರು ಮಾಡಬೇಕಾಗುತ್ತದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಆಸರೆ ಬೇಕಾಗುವುದು ಹೀಗೆ.

ಈಗ ನನ್ನ ಮನವಿಯ ಮುಖ್ಯ ಭಾಗ, ಸಾಗಣೆ.

ಬ್ಯಾಟರಿ ಸಿಗುವುದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ದೆಹಲಿಯಲ್ಲೋ. ಕಾರು ಇರುವುದು ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನಲ್ಲಿ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಸಂಜೆ ಹೊತ್ತು ಲಾರಿ ಆಫೀಸುಗಳ ಮುಂದೆ ನಿಂತು ನೋಡಿದರೆ ನಾಡಿನ ಸರಕೆಲ್ಲ ಹಮಾಲರ ಬೆನ್ನ ಮೇಲೆ ಹಾದುಹೋಗುವುದು ಕಾಣುತ್ತದೆ. ಬಟ್ಟೆಯ ಬೇಲು, ಔಷಧಿಯ ಡಬ್ಬ, ಮಿಕ್ಸಿ, ಟಯರು. ಹೊರುವವರಿಗೆ ಒಳಗೇನಿದೆ ಎಂದು ಹೇಳುವುದು ಸಾಗಣೆ ರಸೀದಿಯಾದ ಬಿಲ್ಟಿಯಲ್ಲಿ ಬರೆದ ಎರಡು ಪದ ಮಾತ್ರ. ‘ಸ್ಪೇರ್ ಪಾರ್ಟ್ಸ್’ ಎಂದಿದ್ದರೆ ಅವರು ಅದನ್ನು ಮಗ್ಗುಲಾಗಿಸುತ್ತಾರೆ, ಉರುಳಿಸುತ್ತಾರೆ, ಮೇಲೆ ಕಬ್ಬಿಣದ ಸಾಮಾನು ಪೇರಿಸುತ್ತಾರೆ. ಅವರ ತಪ್ಪೇನೂ ಇಲ್ಲ. ತುಂಬಿದ ಗ್ಯಾಸ್ ಸಿಲಿಂಡರನ್ನು ‘ಪಾತ್ರೆ ಸಾಮಾನು’ ಎಂದು ಬರೆಸಿ ಕಳಿಸಲು ನಮ್ಮಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ, ಬ್ಯಾಟರಿಯ ವಿಚಾರದಲ್ಲೂ ಅದೇ ಅಳುಕು ನಮಗಿರಬೇಕು. ಸುಮಾರು 40 ಕೆಜಿ ತೂಕದ, 200 ವೋಲ್ಟಿನ ವಸ್ತುವನ್ನು ಏನೂ ಹೇಳದೆ ಒಬ್ಬ ಕೂಲಿಯವನ ಹೆಗಲಿಗೆ ಹೊರಿಸುವುದು ಅನ್ಯಾಯ.

ಹೀಗೆ ಬಚ್ಚಿಡುವುದರಿಂದ ಉಳಿಯುವುದು ಎಷ್ಟು? ಸ್ವಲ್ಪ ಬಾಡಿಗೆ, ಸ್ವಲ್ಪ ತಕರಾರು. ಆ ಉಳಿತಾಯ ನಮ್ಮದು. ಅಪಾಯ ಮಾತ್ರ ಹಮಾಲನದು, ಚಾಲಕನದು, ಕ್ಲೀನರಿನದು, ಬಸ್ಸಾದರೆ ಮೇಲೆ ಮಲಗಿರುವ ಪ್ರಯಾಣಿಕರದು. ಅವರಲ್ಲಿ ಒಬ್ಬರನ್ನೂ ನಾವು ಕೇಳಿರುವುದಿಲ್ಲ.

2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಸುಟ್ಟು ಹೋಯಿತು. ಬಸ್ಸಿನೊಳಗಿದ್ದ 19 ಜನ ನಿದ್ದೆಯಲ್ಲೇ ಸಿಕ್ಕಿಬಿದ್ದು ಸತ್ತರು. ಬೆಂಕಿ ಹುಟ್ಟಿದ್ದು ಬಸ್ಸಿನಡಿ ಸಿಕ್ಕಿ ಎಳೆದುಹೋದ ಬೈಕಿನಿಂದ. ಆದರೆ ಆ ಬಸ್ಸಿನಲ್ಲಿ 200ಕ್ಕೂ ಹೆಚ್ಚು ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತು, ಅವುಗಳ ಬ್ಯಾಟರಿಗಳು ಸಿಡಿದು ಬೆಂಕಿಯನ್ನು ಇನ್ನಷ್ಟು ಉಗ್ರ ಮಾಡಿರಬೇಕು ಎಂಬ ಮಾತು ತನಿಖೆಯ ವೇಳೆ ಬಂತು. ಮೊಬೈಲಿನ ಬ್ಯಾಟರಿ ಅಂಗೈಗಿಂತ ಸಣ್ಣದು. ನಾವು ಮಾತಾಡುತ್ತಿರುವ ಬ್ಯಾಟರಿಯನ್ನು ಪ್ರಯಾಣಿಕರ ಬಸ್ಸಿನ ಡಿಕ್ಕಿಗೆ, ಕುಳಿತು ಮಲಗಿ ಹೋಗುವ ಜನರ ಕೆಳಗೆ, ಯಾವ ಕಾರಣಕ್ಕೂ ಹಾಕಿಸಬೇಡಿ. ‘ರಾತ್ರಿ ಹಾಕಿದರೆ ಬೆಳಿಗ್ಗೆ ಸಿಗುತ್ತೆ’ ಎಂಬ ಅನುಕೂಲ ದೊಡ್ಡದೇ. ಲಾರಿಯಲ್ಲಿ ಎರಡು ದಿನ ತಡವಾಗಿ ಬರಲಿ.

ಇನ್ನೊಂದು ಘಟನೆ ಆಕಾಶದ್ದು. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನದಲ್ಲಿ ಬೆಂಕಿ ಎದ್ದು, ಕಾಕ್‌ಪಿಟ್ ಹೊಗೆಯಿಂದ ತುಂಬಿ, ವಿಮಾನ ನೆಲಕ್ಕಪ್ಪಳಿಸಿತು. ಇಬ್ಬರು ಪೈಲಟ್‌ಗಳೂ ಸತ್ತರು. ವಿಮಾನದಲ್ಲಿ ದೊಡ್ಡ ಪ್ರಮಾಣದ ಲಿಥಿಯಂ ಬ್ಯಾಟರಿಗಳಿದ್ದವು. ತನಿಖೆಯಲ್ಲಿ ಹೊರಬಿದ್ದ ಒಂದು ಅಂಶ ಇಲ್ಲಿ ನಮಗೆ ಮುಖ್ಯ. ಅಪಾಯಕಾರಿ ಸರಕು ಎಂದು ಘೋಷಿಸಬೇಕಾಗಿದ್ದ ಕನಿಷ್ಠ ಮೂರು ಪಾರ್ಸೆಲ್‌ಗಳನ್ನು ಕಳಿಸಿದವರು ಹಾಗೆ ಘೋಷಿಸಿರಲೇ ಇಲ್ಲ. ಪೈಲಟ್‌ಗಳಿಗೆ ತಮ್ಮ ಬೆನ್ನ ಹಿಂದೆ ಏನಿದೆ ಎಂದು ಪೂರ್ತಿ ಗೊತ್ತಿರಲಿಲ್ಲ.

ಅಂಥ ಅನುಭವಗಳ ಮೇಲೆಯೇ ಇಂದಿನ ನಿಯಮಗಳು ನಿಂತಿವೆ. ಬಿಡಿಯಾಗಿ ಹೋಗುವ ಲಿಥಿಯಂ ಅಯಾನ್ ಬ್ಯಾಟರಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಯುಎನ್ 3480 ಎಂಬ ಸಂಖ್ಯೆ. 2016ರ ಏಪ್ರಿಲ್ 1ರಿಂದ ಅದನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ. ಸರಕು ವಿಮಾನದಲ್ಲಾದರೂ ಚಾರ್ಜು 30 ಪ್ರತಿಶತಕ್ಕಿಂತ ಹೆಚ್ಚಿರಬಾರದು. ಕೆಟ್ಟದ್ದು, ಜಜ್ಜಿದ್ದು ಆದರೆ ವಿಮಾನವೇ ಹತ್ತುವಂತಿಲ್ಲ. ನಿಕೆಲ್ ಮೆಟಲ್ ಹೈಡ್ರೈಡ್‌ಗೆ ಹಡಗಿನಲ್ಲಿ ಯುಎನ್ 3496. ವಿಮಾನದಲ್ಲಿ ಅದಕ್ಕೆ ಕಟ್ಟುಪಾಡು ಕಡಿಮೆ, ಆದರೂ ತುದಿಗಳು ಶಾರ್ಟ್ ಆಗದ ಹಾಗೆ ಕಟ್ಟಿರಲೇಬೇಕು.

ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇರುವ ನಮ್ಮ ಮಕ್ಕಳು, ಅಣ್ಣತಮ್ಮಂದಿರು, ಭಾವಮೈದುನರಿಗೆ ಒಂದು ಮಾತು. ಅಲ್ಲಿ ಹೈಬ್ರಿಡ್ ಕಾರಿನ ಬ್ಯಾಟರಿ ಅಗ್ಗ, ಬರುವಾಗ ಒಂದು ತಂದುಬಿಡು ಎಂದು ಊರಿನಿಂದ ಫೋನು ಬಂದರೆ ದಯವಿಟ್ಟು ಆಗುವುದಿಲ್ಲ ಎನ್ನಿ. ವಿಮಾನದ ಪ್ರಯಾಣಿಕರು 160 ವ್ಯಾಟ್ ಅವರ್ ಮೀರಿದ ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಹೈರೈಡರಿನ ಸಣ್ಣ ಬ್ಯಾಟರಿಯೇ ಸುಮಾರು 760 ವ್ಯಾಟ್ ಅವರ್. ಮಾಡ್ಯೂಲುಗಳಾಗಿ ಬಿಚ್ಚಿ ಸೀರೆಯ ನಡುವೆ ಸುತ್ತಿಟ್ಟು ತರುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಅವರ ಮಾತನ್ನು ಕಿವಿಗೆ ಹಾಕಿಕೊಳ್ಳಲೇಬೇಡಿ. ಅದೇ ವಿಮಾನದಲ್ಲಿ ಹಸುಗೂಸುಗಳನ್ನು ಎತ್ತಿಕೊಂಡ ತಾಯಂದಿರು ಇರುತ್ತಾರೆ.

ರಸ್ತೆಯಲ್ಲಿ ಕಳಿಸುವಾಗ ಹೇಗಿರಬೇಕು? ಮಾರುವವರಿಗೆ ಇದನ್ನು ಮೊದಲೇ ಹೇಳಿ, ಹಣ ಕೊಡುವ ಮುನ್ನವೇ ಹೇಳಿ. ಸರ್ವಿಸ್ ಪ್ಲಗ್ ಕಿತ್ತು ಬೇರೆ ಚೀಲದಲ್ಲಿ ಹಾಕಿರಬೇಕು. ಬರಿದಾದ ಪ್ರತಿ ತುದಿಗೂ ವಿದ್ಯುತ್ ಹರಿಯದ ಮುಚ್ಚಳವೋ ಟೇಪೋ ಬಿದ್ದಿರಬೇಕು. ಅಲುಗಾಡದ ಹಾಗೆ ಮರದ ಪೆಟ್ಟಿಗೆಯಲ್ಲಿ, ಮೇಲ್ಭಾಗ ಮೇಲೆಯೇ ಇರುವ ಹಾಗೆ ಕೂರಿಸಿರಬೇಕು. ರಟ್ಟಿನ ಡಬ್ಬ 40 ಕೆಜಿ ತಡೆಯುವುದಿಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಲಿಥಿಯಂ ಆದರೆ ಕಂಪನಿಯದೇ ಯುಎನ್ ಗುರುತಿನ ಪೆಟ್ಟಿಗೆ, 9ನೇ ವರ್ಗದ ಅಪಾಯದ ಚೀಟಿ, ಸಾಗಣೆ ಸುರಕ್ಷತೆಯ ಯುಎನ್ 38.3 ಪರೀಕ್ಷೆಯ ವರದಿ ಬೇಕು. 2020ರಿಂದ ಆ ವರದಿಯ ಸಾರಾಂಶವನ್ನು ಕೇಳಿದವರಿಗೆ ಕೊಡುವುದು ತಯಾರಕರ ಕರ್ತವ್ಯ. ಪೆಟ್ಟಿಗೆಯ ನಾಲ್ಕೂ ಬದಿಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೂ ಬರೆಸಿ: ‘ಹೈಬ್ರಿಡ್ ಕಾರಿನ ಬ್ಯಾಟರಿ. 200 ವೋಲ್ಟ್. ಬಿಚ್ಚಬೇಡಿ. ಮಗುಚಬೇಡಿ. ನೀರು ತಾಗಿಸಬೇಡಿ.’ ಇಂಗ್ಲಿಷ್ ಚೀಟಿ ನಿಯಮಕ್ಕೆ ಬೇಕು. ಹೊರುವವನಿಗೆ ಬೇಕಾಗಿರುವುದು ಈ ಕನ್ನಡದ ಸಾಲು. ಹೊರ ರಾಜ್ಯದಿಂದ ಬರುವುದಾದರೆ ಹಿಂದಿಯೂ ಇರಲಿ, ಈಗ ಲಾರಿ ಆಫೀಸುಗಳಲ್ಲಿ ಹೊರುವವರು ಬಿಹಾರದವರೂ ಇದ್ದಾರೆ, ಒಡಿಶಾದವರೂ ಇದ್ದಾರೆ.

ಇದು ಬರೀ ಒಳ್ಳೆಯತನದ ಮಾತೂ ಅಲ್ಲ. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ ಸಾಮಾನಿನ ವಿವರ ಸರಿಯಾಗಿರುವ ಹೊಣೆ ಕಳಿಸುವವರದು. ತಪ್ಪು ವಿವರದಿಂದ ಸಾಗಿಸುವವರಿಗೆ ನಷ್ಟವಾದರೆ ತುಂಬಿಕೊಡಬೇಕಾದವರೂ ಅವರೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಅಪಾಯಕಾರಿ ಸರಕು ಕಳಿಸುವವರು ಅದರ ಪೂರ್ತಿ ಮಾಹಿತಿಯನ್ನು ಸಾಗಿಸುವವರಿಗೆ ಕೊಡಬೇಕು ಎನ್ನುತ್ತವೆ. ಒಂದು ಲಾರಿ ಸುಟ್ಟು ಅದರೊಳಗಿನ ಇಪ್ಪತ್ತು ಅಂಗಡಿಯವರ ಸರಕು ಬೂದಿಯಾದರೆ, ‘ಸ್ಪೇರ್ ಪಾರ್ಟ್ಸ್’ ಎಂದು ಬರೆಸಿದ ಆ ಎರಡು ಪದ ನಿಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತವೆ.

ಲಾರಿ ಆಫೀಸು ನಡೆಸುವವರಿಗೂ ನನ್ನ ವಿನಂತಿಯಿದೆ. ‘ಬ್ಯಾಟರಿ’ ಎಂದು ನಿಜ ಹೇಳಿದವರನ್ನು ಗದರಿ ವಾಪಸು ಕಳಿಸಬೇಡಿ. ನಿಜ ಹೇಳಿದವರ ಸಾಮಾನು ಉಳಿದು ಸುಳ್ಳು ಹೇಳಿದವರದು ಹೋಗುವಂತಾದರೆ ನಾಳೆಯಿಂದ ಎಲ್ಲರೂ ಸುಳ್ಳೇ ಬರೆಸುತ್ತಾರೆ. ಬಾಡಿಗೆ ಸ್ವಲ್ಪ ಹೆಚ್ಚು ತೆಗೆದುಕೊಳ್ಳಿ, ಎಂಜಿನಿನ ಕಾವು ತಾಗದ, ಬೇಗ ಇಳಿಸಲು ಸಿಗುವ ಜಾಗದಲ್ಲಿ ಇಡಿಸಿ, ಚಾಲಕನಿಗೆ ಹೇಳಿ ಕಳಿಸಿ. ಕೊಂಡುಹೋಗಲು ಬಂದವರು ಪೆಟ್ಟಿಗೆ ಜಜ್ಜಿದೆ, ಬೆಚ್ಚಗಿದೆ, ಸೋರುತ್ತಿದೆ, ಏನೋ ಸಿಹಿ ಘಾಟು ಬರುತ್ತಿದೆ ಎಂದರೆ ಗೋದಾಮಿನ ಒಳಗಿಂದ ಬಯಲಿಗೆ ತಂದು 112ಕ್ಕೆ ಕರೆ ಮಾಡಿ.

ಜೋಡಿಸುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಚ್ಚು ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರು ಕಂಡಲ್ಲಿ ತರಬೇತಿ ಇಲ್ಲದವರ ಕೈ ಹೋಗಕೂಡದು. ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳು ಖಾಲಿಯಾಗಲು ಕನಿಷ್ಠ 10 ನಿಮಿಷ ಕಾಯಬೇಕು, 1000 ವೋಲ್ಟಿನ ರಬ್ಬರ್ ಕೈಗವಸು ಬೇಕು. ನಿಮ್ಮ ಮೇಸ್ತ್ರಿ ಎಷ್ಟೇ ಪಳಗಿದವರಾಗಿರಲಿ, ಗವಸು ಇಲ್ಲದಿದ್ದರೆ ನೀವೇ ತಡೆಯಿರಿ. ಗ್ಯಾರೇಜಿನ ಚಿಕ್ಕ ಹುಡುಗರನ್ನು ಅಂದು ದೂರ ಇರಿಸಿ.

ಹಳೆಯ ಬ್ಯಾಟರಿಯ ವಿಚಾರ ಬಂದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಹೊಸದು ಕೂತು ಕಾರು ಸದ್ದಿಲ್ಲದೆ ಹೊರಟ ಕ್ಷಣಕ್ಕೆ ಹಳೆಯದು ಎಲ್ಲರಿಗೂ ಮರೆತುಹೋಗುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಕೆಲವು ತಿಂಗಳು ಕುಳಿತು ಒಂದು ದಿನ ಗುಜರಿಯ ಗಾಡಿ ಹತ್ತುತ್ತದೆ. ಅಲ್ಲಿ ಉಳಿ, ಸುತ್ತಿಗೆಯಿಂದ ಒಡೆದು ತಾಮ್ರ, ನಿಕೆಲ್ ಬೇರೆ ಮಾಡಲು ಕೂರುವವರ ಕೈಗೆ ಗವಸಿಲ್ಲ, ಕಣ್ಣಿಗೆ ಕನ್ನಡಕವಿಲ್ಲ. ಕ್ಷಾರ ಮೈಮೇಲೆ ಸಿಡಿಯುತ್ತದೆ, ಉಳಿದದ್ದು ಚರಂಡಿಗೆ ಹರಿಯುತ್ತದೆ. ಲಿಥಿಯಂ ಆದರೆ ಸುತ್ತಿಗೆಯ ಮೊದಲ ಏಟಿಗೇ ಬೆಂಕಿ ಏಳಬಹುದು. ಎರಡು ಮೂರು ಸಾವಿರ ರೂಪಾಯಿಗೆ ನಾವು ಮಾರಿದ್ದು ಆ ಮನುಷ್ಯನ ಕಣ್ಣನ್ನು ಎಂದು ಅನ್ನಿಸುತ್ತದೆ ನನಗೆ.

ದಾರಿ ಇಲ್ಲದೆ ಇಲ್ಲ. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. 2001ರ ಹಳೆಯ ನಿಯಮಗಳ ಜಾಗಕ್ಕೆ ಬಂದ ಇವು ಹೈಬ್ರಿಡ್ ವಾಹನಗಳ ಬ್ಯಾಟರಿಯನ್ನೂ ಒಳಗೊಂಡಿವೆ. ಬ್ಯಾಟರಿ ತಯಾರಿಸುವವರು, ಆಮದು ಮಾಡಿ ಮಾರುವವರು ಅವನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು. ಹೂಳುವಂತಿಲ್ಲ, ಸುಡುವಂತಿಲ್ಲ. ಈ ಬಗೆಯ ಬ್ಯಾಟರಿಗಳಿಂದ ಮರಳಿ ಪಡೆಯಬೇಕಾದ ವಸ್ತುಗಳ ಪ್ರಮಾಣವನ್ನು 2026-27ರಿಂದ ಕನಿಷ್ಠ 90 ಪ್ರತಿಶತ ಎಂದು ನಿಗದಿ ಮಾಡಲಾಗಿದೆ. ಬಳಕೆದಾರರಾದ ನಮಗೂ ಅದರಲ್ಲಿ ಒಂದು ಕರ್ತವ್ಯವಿದೆ. ಹಳೆಯ ಬ್ಯಾಟರಿಯನ್ನು ಬೇರೆ ಕಸದ ಜೊತೆ ಬೆರೆಸದೆ, ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವ ಸಂಸ್ಥೆಗೇ ಒಪ್ಪಿಸಬೇಕು.

ನಮ್ಮ ಜನಕ್ಕೆ ಇದು ಹೊಸ ಅಭ್ಯಾಸವೂ ಅಲ್ಲ. ಇನ್ವರ್ಟರಿನ, ಟ್ರ್ಯಾಕ್ಟರಿನ ಸೀಸದ ಬ್ಯಾಟರಿಯನ್ನು ಹಳೆಯದು ಕೊಟ್ಟು ದರ ಇಳಿಸಿಕೊಂಡು ಹೊಸದು ತರುವುದನ್ನು ಹಳ್ಳಿಯ ರೈತರೂ ಬಲ್ಲರು. ಅಮೆರಿಕದಲ್ಲಿ ಟೊಯೋಟಾ ಕಂಪನಿ ಹೈಬ್ರಿಡ್ ಬ್ಯಾಟರಿಯ ಮೇಲೆ ಫೋನ್ ನಂಬರು ಅಂಟಿಸಿ, ಹಳೆಯದು ಮರಳಿ ಬರಲೆಂದು 200 ಡಾಲರ್ ಕೊಡುವ ಏರ್ಪಾಟು ಮಾಡಿತ್ತು. ಅಲ್ಲಿನ ಬಿಡಿಭಾಗ ವ್ಯಾಪಾರದಲ್ಲಿ ಹೊಸದು ಕೊಳ್ಳುವಾಗಲೇ ಒಂದು ಠೇವಣಿ ಹಿಡಿದು, ಹಳೆಯದು ಬಂದ ಮೇಲೆ ಹಿಂದಿರುಗಿಸುವ ಪದ್ಧತಿ ಇದೆ. ಬಿಡದಿಯಲ್ಲಿ ತಯಾರಾಗಿ ನಮ್ಮ ರಸ್ತೆಯಲ್ಲಿ ಓಡುವ ಕಾರುಗಳಿಗೂ ಅಂಥದ್ದೊಂದು ಏರ್ಪಾಟು ಬೇಕು. ವಾರಂಟಿ ಇರಲಿ ಇಲ್ಲದಿರಲಿ, ಬ್ಯಾಟರಿ ಎಲ್ಲಿ ಕೊಂಡದ್ದಾಗಿರಲಿ, ಹಳೆಯದನ್ನು ತಂದುಕೊಟ್ಟವರಿಗೆ ಗುಜರಿಯವನು ಕೊಡುವುದಕ್ಕಿಂತ ಹೆಚ್ಚು ಹಣ ಸಿಗಬೇಕು. ಇಷ್ಟಾದರೆ ಉಪದೇಶದ ಅಗತ್ಯವೇ ಬೀಳದು, ಗುಜರಿಯವರೇ ಬ್ಯಾಟರಿ ಹುಡುಕಿ ಕಂಪನಿಗೆ ತಂದುಕೊಡುತ್ತಾರೆ.

ಜಿಲ್ಲೆಗಳ ಕೊರತೆಯನ್ನೂ ಹೇಳಬೇಕು. ಹಳೆಯ ಬ್ಯಾಟರಿಯನ್ನು ಎಲ್ಲಿ ಕೊಡಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ಹುಡುಕಿದರೆ ಉತ್ತರ ಸಿಕ್ಕೀತು. ಬೀದರಿನ, ಚಾಮರಾಜನಗರದ ಗ್ಯಾರೇಜಿನವರು ಅದನ್ನು ಮತ್ತೆ ಬೆಂಗಳೂರಿಗೆ ಸಾಗಿಸಬೇಕು. ಕೆಟ್ಟ ಲಿಥಿಯಂ ಬ್ಯಾಟರಿಯ ಸಾಗಣೆ ಹೊಸದರ ಸಾಗಣೆಗಿಂತ ಅಪಾಯ, ಖರ್ಚೂ ಹೆಚ್ಚು. ಆ ಖರ್ಚನ್ನು ಸಣ್ಣ ಗ್ಯಾರೇಜಿನ ತಲೆಗೆ ಕಟ್ಟಿ ನಿಯಮ ಪಾಲಿಸಿ ಎಂದರೆ ಅವರು ಪಾಲಿಸುವುದಿಲ್ಲ, ಪಾಲಿಸಲು ಆಗುವುದೂ ಇಲ್ಲ. ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಸಂಗ್ರಹ ಕೇಂದ್ರ, ಅಲ್ಲಿಂದ ಕಂಪನಿಯ ಖರ್ಚಿನಲ್ಲೇ ಸಾಗಣೆ, ಇದನ್ನು ನಾವು ಗಟ್ಟಿಯಾಗಿ ಕೇಳಬೇಕು.

ಹಾಗಾಗಿ ಈ ವಾರ ಒಂದು ಪತ್ರ ಬರೆಯಿರಿ. ನಿಮ್ಮಲ್ಲಿ ಹೈಬ್ರಿಡ್ ಕಾರಿದ್ದರೆ ಅದನ್ನು ಮಾರಿದ ಶೋರೂಮಿಗೆ, ಇಲ್ಲದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಜಿಲ್ಲೆಯ ಕಚೇರಿಗೆ. ನಮ್ಮ ಜಿಲ್ಲೆಯಲ್ಲಿ ಹಳೆಯ ಹೈಬ್ರಿಡ್ ಬ್ಯಾಟರಿಯನ್ನು ಯಾರಿಗೆ ಒಪ್ಪಿಸಬೇಕು, ಒಯ್ಯುವವರು ಯಾರು, ಖರ್ಚು ಯಾರದು, ಒಪ್ಪಿಸಿದ್ದಕ್ಕೆ ರಸೀದಿ ಯಾರು ಕೊಡುತ್ತಾರೆ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಕೊಡಿ ಎನ್ನಿ. ಬಂದ ಉತ್ತರದ ಒಂದು ನಕಲನ್ನು ನಿಮ್ಮ ಮೇಸ್ತ್ರಿಗೆ, ಇನ್ನೊಂದನ್ನು ನಿಮ್ಮೂರಿನ ಲಾರಿ ಆಫೀಸಿಗೆ ಕೊಟ್ಟು ಬನ್ನಿ.